ಬಿಳಿ ತುತ್ತೂರಿ

ದೇವದುರ್ಗದಲ್ಲಿ ಹಿತ್ತಾಳೆ ಪಾತ್ರೆಗಳಿಗೆ ಕಲಾಯಿ ಹಾಕುವ ಮೌಲಾಹುಸೇನನ ಹೆಂಡತಿ ಇಮಾಮ್ ಬೀಗೆ ಲೋಕದಲ್ಲಿ ಯಾರನ್ನು ಕಂಡರೂ ಹೊಟ್ಟೆಕಿಚ್ಚಿರಲಿಲ್ಲ, ಒಬ್ಬಳನ್ನು ಬಿಟ್ಟು. ಪಕ್ಕದ ಮನೆಯವರು ಮಾಳಿಗೆ ಹಾಕಿಸಿದಾಗ ತಾನೇ ಹೋಗಿ ಮಣ್ಣು ಹೊತ್ತು ಕೊಟ್ಟವಳು ಅವಳು. ತಂಗಿಯ ಗಂಡ ಮೋಟಾರ್ ಸೈಕಲ್ಲು ತಂದಾಗ ಅದಕ್ಕೆ ದೃಷ್ಟಿ ತೆಗೆದವಳೂ ಅವಳೇ. ಆದರೆ ರಾಯಚೂರಿನ ಕುಬ್ರಾ ಬೇಗಂ ಹೆಸರನ್ನು ಯಾರಾದರೂ ಎತ್ತಿದರೆ ಸಾಕು, ಕೈಯಲ್ಲಿದ್ದ ಕೆಲಸ ಅಲ್ಲೇ ನಿಲ್ಲುತ್ತಿತ್ತು. ಹೊಟ್ಟೆಯಲ್ಲಿ ಒಣಮೆಣಸಿನಕಾಯಿ ಹುರಿದ ಹಾಗಾಗುತ್ತಿತ್ತು. ಇದನ್ನು ಅವಳು ಓಣಿಯವರಿಂದ ಮುಚ್ಚಿಟ್ಟವಳೂ ಅಲ್ಲ.

‘ಹೌದು, ಆಕಿನ್ನ ಕಂಡ್ರ ನನಗ ಆಗೂದಿಲ್ಲ. ನನ್ನ ಮಗನ್ನ ಕಸಗೊಂಡಾಳ ಆಕಿ’ ಎಂದು ನಲ್ಲಿಯ ಹತ್ತಿರ ಎಲ್ಲರಿಗೂ ಕೇಳುವಂತೆಯೇ ಹೇಳುತ್ತಿದ್ದಳು.

ನ್ಯಾಯವಾಗಿ ಹೇಳಬೇಕೆಂದರೆ ಯಾರೂ ಯಾರನ್ನೂ ಕಸಿದುಕೊಂಡಿರಲಿಲ್ಲ. ಐದು ವರ್ಷದ ಹಿಂದೆ ರಾಯಚೂರಿನ ಗುಲ್ಶನ್ ಬ್ಯಾಂಡಿನವರು ಒಂದು ಮದುವೆಗೆಂದು ದೇವದುರ್ಗಕ್ಕೆ ಬಂದಿದ್ದರು. ಊಟದ ಹೊತ್ತಿನಲ್ಲಿ ಗೋಡೆಗೆ ಒರಗಿಸಿಟ್ಟ ಟ್ರಂಪೆಟ್ಟನ್ನು ಇಮಾಮ್ ಬೀಯ ಒಬ್ಬನೇ ಮಗ, ಹನ್ನೊಂದು ವರ್ಷದ ಗುಲಾಮ್ ದಸ್ತಗೀರ್, ಎತ್ತಿ ಊದಿಬಿಟ್ಟ. ದೊಡ್ಡ ದೊಡ್ಡ ಮೀಸೆಯವರು ಮೊದಲ ಸಲ ಊದಿದರೆ ಬರೀ ಗಾಳಿ ಬರುತ್ತದಂತೆ. ಇವನದು ಊರೆಲ್ಲ ಕೇಳುವಂತೆ ನೆಟ್ಟಗೆ ಹೊರಟಿತು. ಬ್ಯಾಂಡಿನ ಉಸ್ತಾದ್ ಖಾಜಾ ಕೈತುತ್ತು ಬಿಟ್ಟು ಎದ್ದು ಬಂದ. ‘ಈ ಹುಡುಗನ್ನ ನನಗ ಕೊಡ್ರಿ, ಇವನ ಬಾಯಾಗ ದೇವರು ಕುಂತಾನ’ ಎಂದ. ಮೌಲಾಹುಸೇನ್ ಹೆಂಡತಿಯ ಮುಖ ನೋಡಿದ. ಹೆಂಡತಿ ತಲೆಯಾಡಿಸಿದಳು, ಬಟ್ಟೆಯ ಗಂಟನ್ನೂ ತಾನೇ ಕಟ್ಟಿಕೊಟ್ಟಳು. ಈ ತಲೆಯಾಡಿಸಿದ ಸಂಗತಿಯೊಂದನ್ನು ಮಾತ್ರ ಅವಳು ನಲ್ಲಿಯ ಹತ್ತಿರ ಹೇಳುತ್ತಿರಲಿಲ್ಲ.

ಉಸ್ತಾದ್ ಖಾಜಾನ ಹೆಂಡತಿಯೇ ಕುಬ್ರಾ ಬೇಗಂ. ಆಕೆಗೆ ಮಕ್ಕಳಿರಲಿಲ್ಲ. ದಸ್ತಗೀರನನ್ನು ಆಕೆ ಹೊಟ್ಟೆಯಲ್ಲಿ ಹುಟ್ಟಿದವನಂತೆಯೇ ನೋಡಿಕೊಂಡಳು. ಇಮಾಮ್ ಬೀಗೆ ಸಿಟ್ಟು ಬಂದದ್ದೂ ಇದಕ್ಕೇ. ಆಕೆ ಹುಡುಗನನ್ನು ಉಪವಾಸ ಕೆಡವಿದ್ದರೆ, ನಾಲ್ಕು ಏಟು ಹಾಕಿದ್ದರೆ, ಕೂದಲು ಹಿಡಿದು ಜಗಳಾಡಿ ಮಗನನ್ನು ಕರೆದುಕೊಂಡು ಬಂದುಬಿಡಬಹುದಿತ್ತು. ಚೆನ್ನಾಗಿ ನೋಡಿಕೊಳ್ಳುವವಳ ಜೊತೆ ಯಾವ ಮುಖ ಇಟ್ಟುಕೊಂಡು ಜಗಳಾಡುವುದು? ಹುಡುಗ ವರ್ಷಕ್ಕೆ ನಾಲ್ಕೈದು ಸಲ ಊರಿಗೆ ಬರುತ್ತಿದ್ದ. ಬಂದಾಗಲೆಲ್ಲ ಮೈತುಂಬಿಕೊಂಡೇ ಬರುತ್ತಿದ್ದ. ತಾಯಿಯನ್ನು ‘ಯವ್ವಾ’ ಎಂದೇ ಕರೆಯುತ್ತಿದ್ದ. ಆದರೆ ಮಾತಿನ ನಡುವೆ ‘ಅಮ್ಮೀ ಹಂಗ ಹೇಳಿದ್ಲು, ಅಮ್ಮೀ ಹಿಂಗ ಮಾಡಿದ್ಲು’ ಎಂದು ಬರುತ್ತಿತ್ತು. ಆ ಅಮ್ಮೀ ಎಂದರೆ ಕುಬ್ರಾ.

ಇದರ ಮೇಲೆ ಹುಟ್ಟಿದ ದಿನದ ರಗಳೆ ಬೇರೆ. ಹುಡುಗ ಹುಟ್ಟಿದ್ದು ಗ್ಯಾರ್ವಿ ತಿಂಗಳ ಹನ್ನೊಂದನೆಯ ಚಂದ್ರನಂದು, ಸಂತ ದಸ್ತಗೀರ್ ಸಾಹೇಬರ ಫಾತೇಹಾದ ದಿನ. ಅದಕ್ಕೇ ಆ ಹೆಸರು. ಅವತ್ತು ಇಮಾಮ್ ಬೀ ಸಿಹಿ ಅನ್ನ ಮಾಡುತ್ತಿದ್ದಳು, ಫಾತೇಹಾ ಓದಿಸುತ್ತಿದ್ದಳು, ಮಗನ ತಲೆ ನೇವರಿಸಿ ‘ನನ್ನ ಆಯುಷ್ಯ ನಿನಗಿರಲಿ’ ಎನ್ನುತ್ತಿದ್ದಳು. ಅಲ್ಲಿಗೆ ಹುಟ್ಟುಹಬ್ಬ ಮುಗಿಯಿತು. ಕುಬ್ರಾ ಬೇಗಂ ಪೇಟೆಯವಳು. ಶಾಲೆಯ ಕಾಗದ ತೆಗೆಸಿ, ವರ್ಷ ವರ್ಷ ಹಿಂದೆ ಸರಿಯುವ ಚಂದ್ರನ ಲೆಕ್ಕ ಬಿಟ್ಟು ಆಗಸ್ಟ್ ಒಂಬತ್ತು ಎಂದು ಇಂಗ್ಲಿಷ್ ತಾರೀಖು ಹಿಡಿದು, ಬೇಕರಿಯಿಂದ ಕೇಕು ತರಿಸಿ, ಮೇಲೊಂದು ಉಡುಗೊರೆ ಕೊಡಲು ಶುರುಮಾಡಿದಳು. ಮೊದಲ ವರ್ಷ ಬೂಟು. ಆಮೇಲೆ ಉಲ್ಲನ್ ಸ್ವೆಟರು. ಮರುವರ್ಷ ದರ್ಜಿಯ ಕೈಲಿ ಹೊಲಿಸಿದ ಪ್ಯಾಂಟು. ನಾಲ್ಕನೆಯ ವರ್ಷ ತನ್ನ ಕೈಬಳೆ ಮಾರಿ ಅವನದೇ ಸ್ವಂತ ಟ್ರಂಪೆಟ್ಟು. ಕಳೆದ ಆಗಸ್ಟಿನಲ್ಲಿ ಕೈಗಡಿಯಾರ. ವರ್ಷ ವರ್ಷ ಮಗ ಊರಿಗೆ ಬಂದಾಗ ಆಕೆಯ ಒಂದೊಂದು ಸಾಮಾನು ಅವನ ಮೈಮೇಲೆ ಹೆಚ್ಚಾಗುತ್ತಿತ್ತು. ಇಮಾಮ್ ಬೀಯ ಸಿಹಿ ಅನ್ನ ಮಾತ್ರ ತಿಂದ ಮರುದಿನಕ್ಕೆ ಹೆಸರಿಲ್ಲದೆ ಹೋಗುತ್ತಿತ್ತು.

ಎಂಬತ್ತೊಂದನೆಯ ಇಸವಿಯ ಗ್ಯಾರ್ವಿಗೆ ಮಗನಿಗೆ ಹದಿನಾರು ತುಂಬುತ್ತಿತ್ತು. ‘ಈ ಸಲ ನಾನೂ ಕೊಡ್ತೀನಿ, ನೋಡೇಬಿಡ್ತೀನಿ’ ಎಂದು ಇಮಾಮ್ ಬೀ ಹಟ ಹಿಡಿದಳು. ಹಬ್ಬಕ್ಕೆ ವಾರ ಇರುವಾಗ ಬೆಳಗಿನ ಬಸ್ಸು ಹತ್ತಿ ರಾಯಚೂರಿನಲ್ಲಿ ಇಳಿದಳು.

ತೀನ್ ಕಂದೀಲ್ ಚೌಕದ ಹತ್ತಿರದ ಬಟ್ಟೆ ಅಂಗಡಿಯವನು ಗಾದಿಯ ಮೇಲೆ ಕೂಡಿಸಿ, ನೀರು ಕೊಟ್ಟು, ಹತ್ತು ಅಂಗಿ ಬಿಡಿಸಿ ಹಾಕಿದ. ಮಲ್ಲಿಗೆ ಬಣ್ಣದ್ದೊಂದು ಅವಳ ಕಣ್ಣಿಗೆ ಹಿಡಿಸಿತು.

‘ಅಳತಿ ಎಷ್ಟ್ರೀ ಯವ್ವಾ? ಕಾಲರ್ ನಂಬರ್?’

ಇಮಾಮ್ ಬೀ ಎದ್ದು ನಿಂತು ತನ್ನ ಭುಜದ ಮಟ್ಟಕ್ಕೆ ಕೈ ಹಿಡಿದು, ‘ಇಷ್ಟು ಅದಾನ್ರಿ’ ಎಂದಳು. ಹೇಳಿದ ಮೇಲೆ, ಕಳೆದ ಸಲ ಅವನು ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದದ್ದು ನೆನಪಾಯಿತು. ಕೈಯನ್ನು ತಲೆಗಿಂತ ಮೇಲೆ ಎತ್ತಿದಳು. ಆಮೇಲೆ ಅದೂ ಸರಿಯಲ್ಲವೇನೋ ಎಂದು ಸ್ವಲ್ಪ ಇಳಿಸಿದಳು. ಅಂಗಡಿಯವನಿಗೆ ನಗು ತಡೆಯಲಾಗಲಿಲ್ಲ. ‘ಗಟ್ಟಿ ಮಾಡ್ಕೊಂಡು ಬರ್ರಿ ಯವ್ವಾ, ಅಂಗಿ ಎಲ್ಲೂ ಓಡಿ ಹೋಗೂದಿಲ್ಲ’ ಎಂದು ಮಡಿಚಿಟ್ಟ.

ಚಪ್ಪಲಿ ಅಂಗಡಿಯಲ್ಲೂ ಅದೇ ಪ್ರಶ್ನೆ. ಅಲ್ಲಿಯವನು ಇನ್ನೊಂದು ಮಾತು ಹೆಚ್ಚು ಸೇರಿಸಿದ: ‘ಏನ್ ಯವ್ವಾ, ಹಡದ ಮಗನ ಕಾಲಿನ ನಂಬರ್ ನಿಮಗ ಗೊತ್ತಿಲ್ಲೇನು?’ ತಮಾಷೆಗೆಂದೇ ಆಡಿದ್ದು. ಆದರೆ ಇಮಾಮ್ ಬೀ ಅಲ್ಲಿಂದ ಇಳಿದು ಬಂದಳು. ವಾದ್ಯದ ಸಾಮಾನು ಮಾರುವ ಸಣ್ಣ ಅಂಗಡಿಯೊಂದಿತ್ತು, ಕೊನೆಗೆ ಅಲ್ಲಿ ಕೇಳಿದಳು: ‘ಊದೂ ತುತ್ತೂರಿಗಿ ಏನರ ಇದ್ರ ಕೊಡ್ರಿ.’ ಅವನು ಟ್ರಂಪೆಟ್ಟಿನ ಒತ್ತುಗುಂಡಿಗಳಿಗೆ ಬಿಡುವ ಎಣ್ಣೆಯ ಶೀಸೆ ತೋರಿಸಿ, ‘ಯಾರಿಗ್ರಿ? ಗುಲ್ಶನ್ ಬ್ಯಾಂಡಿನ ದಸ್ತಗೀರನಿಗೇನು? ಅವರ ಅಮ್ಮೀ ಮೊನ್ನಿನೇ ಒಯ್ದಾರಲ್ರೀ’ ಎಂದ. ಕುಬ್ರಾಳೇ ಅವನ ತಾಯಿ ಎಂದು ಅಂಗಡಿಯವನು ತಿಳಿದಿದ್ದ. ಇಮಾಮ್ ಬೀ ಅದನ್ನು ತಿದ್ದಲಿಲ್ಲ. ತಿದ್ದಿದ್ದರೆ, ಹಾಗಾದರೆ ನೀವು ಯಾರು ಎಂದು ಕೇಳುತ್ತಿದ್ದ.

ಕಾಲು ಅವಳನ್ನು ತಾವಾಗಿಯೇ ಕುಬ್ರಾಳ ಓಣಿಗೆ ಎಳೆದವು. ಮಗ ಊರಲ್ಲಿಲ್ಲ, ಬ್ಯಾಂಡಿನ ಜೊತೆ ಹೊರಗೆ ಹೋಗಿದ್ದಾನೆ ಎಂಬುದು ಗೊತ್ತಿತ್ತು. ಮನೆಯ ಮುಂದೆ ಹಗ್ಗದ ಮೇಲೆ ಅವನ ಅಂಗಿ ಒಣಗುತ್ತಿತ್ತು. ಬಾಗಿಲು ಮುಚ್ಚಿತ್ತು. ಅವಳಿಗೆ ಏನನ್ನಿಸಿತೋ, ಅತ್ತಿತ್ತ ನೋಡಿ, ಅಂಗಿಗೆ ಗೇಣು ಹಾಕತೊಡಗಿದಳು. ಭುಜಕ್ಕೆ ಎರಡು ಗೇಣು, ಮೇಲೆ ನಾಲ್ಕು ಬೆರಳು. ತೋಳಿಗೆ ಗೇಣು ಹಾಕುತ್ತಿರುವಾಗ ಬಾಗಿಲು ತೆರೆಯಿತು.

‘ಅಯ್ಯ, ಇಮಾಮ್ ಬೀ ಆಪಾ! ಬಿಸಿಲಾಗ ಯಾಕ ನಿಂತೀರಿ? ಒಳಗ ಬರ್ರಿ’ ಎಂದ ಕುಬ್ರಾ ಬೇಗಂ ಅವಳ ಕೈಯನ್ನೂ ಅಂಗಿಯನ್ನೂ ನೋಡಿದಳು. ‘ಅಳತಿ ಬೇಕಾಗಿತ್ತೇನ್ರಿ? ಕಾಲರ್ ಹದಿನಾಕು, ಎದಿ ಮೂವತ್ನಾಕು. ತೋಳು ಮಾತ್ರ ಒಂದ್ ಬೆರಳು ಉದ್ದ ಹಿಡಸ್ರಿ, ಊದೂ ಮುಂದ ಮ್ಯಾಲ ಸರೀತದ.’

ಕುಬ್ರಾ ಕುಹಕವಾಡಿದ್ದಲ್ಲ. ಒಳ್ಳೆಯ ಮನಸ್ಸಿನಿಂದಲೇ ಹೇಳಿದಳು. ಆದರೆ ಕಳ್ಳತನ ಮಾಡುವಾಗ ಸಿಕ್ಕಿಬಿದ್ದವಳಿಗೂ ಇಮಾಮ್ ಬೀಗಾದಷ್ಟು ಅವಮಾನವಾಗುತ್ತಿರಲಿಲ್ಲ. ಒಳಗೆ ಹೋಗಿ ಚಹಾ ಕುಡಿದಳು. ಗ್ಯಾರ್ವಿಯ ಮರುದಿನ ಮಾನ್ವಿಯಲ್ಲಿ ತನ್ನ ತಂಗಿ ಅನ್ವರಿ ಬೇಗಂಳ ಮಗಳ ಮದುವೆಯೆಂದು ಕುಬ್ರಾ ಹೇಳಿದಳು. ‘ನೀವೂ ಬರಲೇಬೇಕು ಆಪಾ. ಉಸ್ತಾದ್‌ರಿಗಿ ಈಗ ದಮ್ಮು, ಊದಾಕ ಆಗೂದಿಲ್ಲ. ಮೆರವಣಿಗ್ಯಾಗ ಮುಂದ ನಿಂತು ಊದಾವ ನಮ್ಮ ದಸ್ತಗೀರನೇ’ ಎಂದಳು. ‘ನಮ್ಮ’ ಎಂಬ ಆ ಒಂದು ಮಾತನ್ನು ಇಮಾಮ್ ಬೀ ದೇವದುರ್ಗದ ತನಕ ಬಸ್ಸಿನಲ್ಲಿ ಅಗಿಯುತ್ತ ಬಂದಳು. ಅಂಗಿ ಕೊಳ್ಳಲಿಲ್ಲ. ಆಕೆಯ ಬಾಯಿಂದ ಬಂದ ಅಳತೆಯಲ್ಲಿ ಅಂಗಿ ತಂದರೆ ಅದು ಆಕೆ ಕೊಟ್ಟ ಅಂಗಿಯೇ ಆದೀತು.

ಗ್ಯಾರ್ವಿಯ ಬೆಳಿಗ್ಗೆ ದಸ್ತಗೀರ ಬಂದ. ಕೈಯಲ್ಲಿ ಟ್ರಂಪೆಟ್ಟು, ಅದಕ್ಕೆ ಕೆಂಪು ಮಖಮಲ್ಲಿನ ಚೀಲ. ಚೀಲ ಹೊಲಿದವಳು ಯಾರೆಂದು ಕೇಳಬೇಕಾಗಿಯೇ ಇರಲಿಲ್ಲ. ಇಮಾಮ್ ಬೀ ಸಿಹಿ ಅನ್ನ ಬಡಿಸಿ ಎದುರು ಕೂತಳು.

‘ಗ್ಯಾರ್ವಿಗಿ ನಿನಗೇನು ಬೇಕಪ್ಪಾ? ಬಾಯಿ ಬಿಟ್ಟು ಕೇಳು.’

‘ಏನೂ ಬ್ಯಾಡ ಯವ್ವಾ, ಎಲ್ಲಾ ಅದ.’

ಎಲ್ಲಾ ಅದ! ಯಾರು ಕೊಟ್ಟದ್ದು ಆ ಎಲ್ಲಾ? ಅವಳು ಬಿಡಲಿಲ್ಲ, ಮತ್ತೆ ಮತ್ತೆ ಕೇಳಿದಳು. ಹುಡುಗ ಚೀಲದಿಂದ ಟ್ರಂಪೆಟ್ಟು ತೆಗೆದು ಅರಿವೆಯಿಂದ ಒರೆಸುತ್ತ ನಕ್ಕ.

‘ಹಂಗ ಕೇಳಿದ್ರ, ಒಂದು ಬಿಳಿ ಟ್ರಂಪೆಟ್ ಬೇಕು ನೋಡು. ಹೈದರಾಬಾದಿನ ಬ್ಯಾಂಡಿನವರತ್ತರ ಅದ. ಬೆಳ್ಳಿ ಹಂಗ ಹೊಳೀತದ. ಗ್ಯಾಸ್‌ಲೈಟಿನ ಬೆಳಕಿನಾಗ ಅದನ್ನ ನೋಡಬೇಕು ಯವ್ವಾ. ಆದ್ರ ಅದು ನಮ್ಮಂಥವರಿಗಲ್ಲ ಬಿಡು.’

ಅವನು ಹೇಳಿದ್ದು ಅಷ್ಟೇ. ಊಟ ಮುಗಿಸಿ, ನಮಾಜಿಗೆ ಹೋಗಿ, ಅಲ್ಲಿಂದ ಗೆಳೆಯರ ಜೊತೆ ಊರು ಸುತ್ತಲು ಹೋದ. ಟ್ರಂಪೆಟ್ಟು ಗೋಡೆಯ ಗೂಡಿನಲ್ಲಿ ಉಳಿಯಿತು. ಮೌಲಾಹುಸೇನ್ ಸಣ್ಣ ತಿದಿ ಹೊತ್ತುಕೊಂಡು ಸಿರವಾರಕ್ಕೆ ಕಲಾಯಿ ಕೆಲಸಕ್ಕೆ ಹೋಗಿದ್ದವನು ಸಂಜೆಗೇ ಬರುವುದು.

ಇಮಾಮ್ ಬೀ ಗೂಡಿನ ಮುಂದೆ ನಿಂತಳು. ಹಳದಿ ಹಿತ್ತಾಳೆ ಅವಳನ್ನೇ ನೋಡುತ್ತಿತ್ತು. ಬಿಳಿ ಬೇಕಂತೆ! ಅವಳಿಗೆ ನಗು ಬಂತು. ಇಡೀ ದೇವದುರ್ಗದ ಹಳದಿಯನ್ನು ಬಿಳಿ ಮಾಡುವ ಮನೆಯಲ್ಲಿ ಹುಟ್ಟಿದವನು ಬಿಳಿಗಾಗಿ ಹೈದರಾಬಾದಿನ ಕಡೆ ಬಾಯಿ ಬಿಡುತ್ತಾನಲ್ಲ! ಹದಿನೆಂಟು ವರ್ಷದಿಂದ ಅವಳು ಗಂಡನ ಜೊತೆ ತಿದಿ ಒತ್ತಿದ್ದಳು. ಅವನಿಗೆ ಜ್ವರ ಬಂದ ದಿನ ತಾನೇ ಕೊಪ್ಪರಿಗೆಗೆ ಕಲಾಯಿ ಮಾಡಿಕೊಟ್ಟಿದ್ದಳು. ಹಿತ್ತಾಳೆಯ ವಿಷಯದಲ್ಲಿ ಕುಬ್ರಾ ಬೇಗಂ ಅವಳಿಗೆ ಹೇಳಿಕೊಡಬೇಕಾದದ್ದು ಏನೂ ಇರಲಿಲ್ಲ. ಇದಕ್ಕೆ ಕಾಲರ್ ಬೇಡ, ನಂಬರ್ ಬೇಡ, ಅಳತೆ ಬೇಡ. ನಾಳೆ ಮಾನ್ವಿಯಲ್ಲಿ, ಆಕೆಯ ತಂಗಿಯ ಮನೆಯ ಅಂಗಳದಲ್ಲೇ, ಮಗ ಬೆಳ್ಳಿಯಂಥ ತುತ್ತೂರಿ ಎತ್ತಿ ಊದುತ್ತಾನೆ. ಯಾರು ಕೊಡಿಸಿದರು ಎಂದು ಜನ ಕೇಳುತ್ತಾರೆ. ನಮ್ಮವ್ವ ಎನ್ನುತ್ತಾನೆ.

ಮನೆಯ ಹಿಂದಿನ ಕುಳಿಯಲ್ಲಿ ಇದ್ದಿಲು ಹಾಕಿ ಬೆಂಕಿ ಮಾಡಿದಳು. ಹುಣಸೆಹಣ್ಣು, ಉಸುಕು ಹಾಕಿ ಟ್ರಂಪೆಟ್ಟನ್ನು ಗಸಗಸ ತಿಕ್ಕಿದಳು. ಮೊದಲು ಅದರ ಅಗಲ ಬಾಯಿಯನ್ನು ಕೆಂಡದ ಮೇಲೆ ಹಿಡಿದಳು. ಕಾದ ಮೇಲೆ ನವಸಾಗರದ ಪುಡಿ ಚಿಮುಕಿಸಿದಳು. ಬಿಳಿ ಹೊಗೆ ಎದ್ದು ಕಣ್ಣು ಮೂಗು ಉರಿಯಿತು. ತವರದ ಕಡ್ಡಿ ತಾಗಿಸಿ, ಹತ್ತಿಯಿಂದ ಒಂದೇ ಸಮನೆ ಒರೆಸಿದಳು. ತವರ ನೀರಿನ ಹಾಗೆ ಹರಡಿತು. ಅವಳ ಕೈ ಹೋದಲ್ಲೆಲ್ಲ ಬೆಳ್ಳಿ ಮೂಡಿತು.

ಆಹಾ, ಅವಳಿಗಾದ ಆನಂದ! ಕುಬ್ರಾ ಬೇಗಂಳ ಹಿತ್ತಾಳೆ ಬೆರಳು ಬೆರಳಿನಷ್ಟು ಮರೆಯಾಗುತ್ತಿತ್ತು. ಅಲ್ಲಿ ಈಗ ಇಮಾಮ್ ಬೀಯ ತವರ ಕೂತಿತ್ತು. ಮಗನಿಗೆ ಉಡುಗೊರೆ ಕೊಡುವ ಸಂತೋಷ ಎಷ್ಟಿತ್ತೋ, ಆಕೆಯ ಹೆಸರು ಅಳಿಸುವ ಸಂತೋಷವೂ ಅಷ್ಟೇ ಇತ್ತು. ಒಂದು ತೊಲ ಹೆಚ್ಚೇ ಇತ್ತೆಂದರೂ ಸುಳ್ಳಲ್ಲ.

ಅಗಲ ಬಾಯಿ ಮುಗಿದ ಮೇಲೆ ಸುತ್ತಿಕೊಂಡ ಕೊಳವೆಗಳನ್ನು ಕೆಂಡಕ್ಕೆ ಹಿಡಿದಳು. ತಿದಿಯನ್ನು ಕಾಲಿನಿಂದ ಒತ್ತಿದಳು. ಒಂದು ಹನಿ ಕೆಂಡಕ್ಕೆ ಬಿದ್ದು ಚುಂಯ್ ಎಂದಿತು. ತನ್ನ ತವರವೇ ಬಿತ್ತೆಂದುಕೊಂಡಳು. ಇನ್ನೊಂದು ಹನಿ ಬಿತ್ತು. ಆಮೇಲೆ ಬಾಗಿದ ಕೊಳವೆಯೊಂದು ತಾನಾಗಿಯೇ ಜಾರಿ ಬೂದಿಯಲ್ಲಿ ಬಿತ್ತು. ಗಾಬರಿಯಾಗಿ ಇಕ್ಕಳದಿಂದ ಅದನ್ನು ಎತ್ತಲು ಹೋದರೆ ಮೂರು ಗುಂಡಿಗಳ ಡಬ್ಬಿ ಒಂದು ಕಡೆ, ಬೆಳ್ಳಿಯಂಥ ಬಾಯಿ ಒಂದು ಕಡೆ ಬೇರೆಯಾದವು.

ಅವರ ಮನೆಗೆ ಬರುತ್ತಿದ್ದ ಕೊಡ, ಹಂಡೆ, ಪಾತೇಲಿಗಳೆಲ್ಲ ಗಟ್ಟಿ ಬೆಸುಗೆಯವು. ಕೆಂಡದಲ್ಲಿ ಎಷ್ಟು ಕಾಯಿಸಿದರೂ ಜಗ್ಗುವುದಿಲ್ಲ. ಟ್ರಂಪೆಟ್ಟಿನ ಕೊಳವೆಗಳನ್ನು ಕೂಡಿಸುವುದು ಸೀಸ ತವರದ ಮೆತ್ತನೆಯ ಬೆಸುಗೆಯಿಂದ, ಬೆಂಕಿಯ ಬಿಸಿಗೆ ಅದು ಬೆಲ್ಲದ ಹಾಗೆ ಕರಗುತ್ತದೆ. ಒಲೆಯ ಮೇಲೆ ಇಡಲೆಂದೇ ಮಾಡಿದ ಪಾತ್ರೆಗಳ ನಡುವೆ ಬದುಕಿದವಳಿಗೆ, ಬೆಂಕಿಗೆ ಇಡಬಾರದ ಹಿತ್ತಾಳೆಯೂ ಇದೆ ಎಂದು ಹೇಗೆ ಗೊತ್ತಾಗಬೇಕು? ಬೇರೆ ಯಾವ ಮನೆಯ ಹೆಂಗಸೂ ಇಂಥ ಕೆಲಸ ಮಾಡುತ್ತಿರಲಿಲ್ಲ. ಕಲಾಯಿ ಗೊತ್ತಿಲ್ಲದವರಿಗೆ ಇಷ್ಟು ಧೈರ್ಯವೇ ಬರುವುದಿಲ್ಲ.

ಮಗ ಬಂದಾಗ ಅವಳು ಕುಳಿಯ ಪಕ್ಕ ಕೂತೇ ಇದ್ದಳು. ತುಂಡುಗಳನ್ನು ಗೋಣಿಯ ಮೇಲೆ ಸಾಲಾಗಿ ಇಟ್ಟಿದ್ದಳು.

‘ಬಿಳಿ ಮಾಡಾಕ ಹೋದೆ’ ಎಂದಳು.

ಹುಡುಗ ಮಂಡಿಯೂರಿ ಕೂತ. ಮುಖದಲ್ಲಿ ರಕ್ತವೇ ಇರಲಿಲ್ಲ. ಒಂದೊಂದೇ ತುಂಡು ಎತ್ತಿ ನೋಡಿದ, ಇಟ್ಟ. ಸಾಣೆ ಹಿಡಿದಂತೆ ಬೆಳ್ಳಗಿದ್ದ ಬಾಯಿಯನ್ನು ಮಾತ್ರ ಬೆಳಕಿಗೆ ಹಿಡಿದು ಬಹಳ ಹೊತ್ತು ತಿರುಗಿಸಿದ.

‘ಇದೊಂದು ಚಲೋ ಬಂದದ ಯವ್ವಾ’ ಎಂದ.

ಬೈದಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆ ಮಾತಿಗೆ ಸೆರಗು ಬಾಯಿಗೆ ತುರುಕಿಕೊಂಡು ಅತ್ತಳು.

ಸಂಜೆ ಬಂದ ಮೌಲಾಹುಸೇನ್ ತುಂಡುಗಳನ್ನು ನೋಡಿ ರುಮಾಲು ಬಿಚ್ಚಿ ಕೂತ. ‘ಇದು ನನ್ನ ಕೈಲಿ ಆಗೂ ಕೆಲಸಲ್ಲ. ಹೈದರಾಬಾದಿಗೇ ಒಯ್ಯಬೇಕು. ನನಗೊಂದು ಮಾತು ಕೇಳಿದ್ರ ಏನಾಗ್ತಿತ್ತಲೇ ನಿನಗ?’ ಎಂದ. ಕೇಳಿದ್ದರೆ ಉಡುಗೊರೆ ಇಬ್ಬರದಾಗುತ್ತಿತ್ತು. ಅವಳಿಗೆ ತನ್ನೊಬ್ಬಳದೇ ಬೇಕಾಗಿತ್ತು. ಇದನ್ನು ಗಂಡನಿಗೆ ಹೇಳುವುದು ಹೇಗೆ?

ಮರುದಿನ ಬೆಳಿಗ್ಗೆ ಮಗನ ಜೊತೆ ತಾನೂ ಹೊರಟಳು. ‘ನೀ ಯಾಕ ಬರ್ತಿ?’ ಎಂದ ಹುಡುಗ. ‘ನಾ ಮಾಡಿದ್ದು ನಾನೇ ಹೇಳ್ತೀನಿ’ ಎಂದಳು. ಸಿರವಾರದಲ್ಲಿ ಬಸ್ಸು ಬದಲಿಸಿ ಮಾನ್ವಿಯ ಬಸ್ಸು ಹತ್ತಿದರು. ದಾರಿಯುದ್ದಕ್ಕೂ ಮಖಮಲ್ಲಿನ ಚೀಲ ಅವಳ ತೊಡೆಯ ಮೇಲೆ ಗಲಗಲ ಎನ್ನುತ್ತಿತ್ತು. ಹೇಳಬೇಕಾದ ಮಾತನ್ನು ಅವಳು ಇಪ್ಪತ್ತು ಸಲ ಮನಸ್ಸಿನಲ್ಲೇ ಹೇಳಿಕೊಂಡಳು. ಉಸ್ತಾದನಿಗೆ ಹೇಳುವುದು ಕಷ್ಟವಲ್ಲ. ಪಕ್ಕದಲ್ಲಿ ಆಕೆ ನಿಂತಿದ್ದರೆ?

ಅನ್ವರಿ ಬೇಗಂಳ ಮನೆಯ ಮುಂದೆ ಹಂದರ ಹಾಕಿದ್ದರು. ಬಿರಿಯಾನಿಯ ಹಂಡೆಗಳು ಹೊಗೆಯಾಡುತ್ತಿದ್ದವು. ಬ್ಯಾಂಡಿನವರು ಕೆಂಪು ಕೋಟು ತೊಟ್ಟು ಡ್ರಮ್ಮಿನ ಹಗ್ಗ ಬಿಗಿಯುತ್ತಿದ್ದರು. ಉಸ್ತಾದ್ ಖಾಜಾ ಹುಡುಗನನ್ನು ಕಂಡು ‘ಬಂತು ನೋಡ್ರಪ್ಪ ನಮ್ಮ ಹುಲಿ’ ಎಂದು ಕೈ ಚಾಚಿದ. ಹುಡುಗ ಚೀಲದ ಬಾಯಿ ಬಿಚ್ಚಿ ಅವನ ಮುಂದೆ ಹಿಡಿದ.

ಖಾಜಾ ಒಳಗೆ ಕೈ ಹಾಕಿ ಒಂದು ತುಂಡು ತೆಗೆದ. ಇನ್ನೊಂದು ತೆಗೆದ. ಅವನ ಉಸಿರು ಸುಂಯ್ ಸುಂಯ್ ಎನ್ನತೊಡಗಿತು. ‘ಏನಲೇ ಇದು? ಯಾರು ಮಾಡಿದ್ರು?’

ಸುತ್ತ ಜನ ಸೇರಿದರು. ಒಳಗಿನಿಂದ ಹೆಂಗಸರೂ ಬಾಗಿಲಿಗೆ ಬಂದರು. ಅವರ ನಡುವೆ ಹಸಿರು ರೇಷ್ಮೆ ಸೀರೆಯಲ್ಲಿ ಕುಬ್ರಾ ಬೇಗಂ ಇದ್ದಳು. ಇಮಾಮ್ ಬೀ ಹಂದರದ ಕಂಬದ ಪಕ್ಕ ನಿಂತಿದ್ದಳು. ಇಪ್ಪತ್ತು ಸಲ ಹೇಳಿಕೊಂಡ ಮಾತು ನಾಲಗೆಯ ತುದಿಗೆ ಬಂತು. ಆಗ ಆ ಹಸಿರು ಸೀರೆ ಕಣ್ಣಿಗೆ ಬಿತ್ತು. ಈಕೆಯ ಎದುರಿಗೆ, ಈಕೆಯ ನೆಂಟರ ಎದುರಿಗೆ, ಈಕೆ ಬಳೆ ಮಾರಿ ಕೊಟ್ಟದ್ದನ್ನು ನಾನು ಸುಟ್ಟೆ ಎಂದು ಹೇಳುವುದೇ? ಒಂದು ಉಸಿರು ಎಳೆದುಕೊಳ್ಳುವಷ್ಟು ಹೊತ್ತು ಅವಳು ಸುಮ್ಮನಿದ್ದಳು.

ಅಷ್ಟು ಹೊತ್ತು ಸಾಕಾಯಿತು.

‘ನಾನೇ ಮಾಡೀನಿ ಉಸ್ತಾದ್’ ಎಂದ ದಸ್ತಗೀರ. ‘ಬಿಳಿ ಮಾಡಬೇಕಂತ ಬೆಂಕಿಗಿ ಇಟ್ಟೆ.’

ಖಾಜಾನ ಕೈ ಎದ್ದದ್ದು ಯಾರಿಗೂ ಕಾಣಲಿಲ್ಲ, ಸಪ್ಪಳ ಮಾತ್ರ ಕೇಳಿಸಿತು. ಹುಡುಗನ ಮುಖ ಒಂದು ಕಡೆ ತಿರುಗಿತು. ಮದುವೆಯ ದಿನ, ಹೆಂಡತಿಯ ತವರಿನವರೆದುರು, ಬ್ಯಾಂಡಿಗೆ ಮುಂದಾಳು ಇಲ್ಲದೆ ಹೋದ ಸಿಟ್ಟಿಗೆ ಅವನು ಎರಡನೆಯ ಸಲ ಕೈ ಎತ್ತಿದ. ಆ ಕೈ ಇಳಿಯಲಿಲ್ಲ. ಕುಬ್ರಾ ಬೇಗಂ ಹೆಂಗಸರನ್ನು ತಳ್ಳಿಕೊಂಡು ಬಂದು, ರೇಷ್ಮೆ ಸೀರೆ ಕೆಸರಲ್ಲಿ ಎಳೆಯುತ್ತ, ನಡುವೆ ನಿಂತುಬಿಟ್ಟಿದ್ದಳು.

‘ಬಸ್! ನನ್ನ ಮಗನ ಮ್ಯಾಲ ಇನ್ನೊಮ್ಮೆ ಕೈ ಎತ್ತಿದ್ರ ನೋಡ್ರಿ! ಕಬ್ಬಿಣದ ಸಾಮಾನು ಇವತ್ತು ಹೋದ್ರ ನಾಳಿ ಬರ್ತದ. ನನ್ನ ಮಗ ಬರ್ತಾನೇನು?’

ಹಿತ್ತಾಳೆಗೆ ಕಬ್ಬಿಣ ಎಂದಳು ಆಕೆ, ಗಾಬರಿಯಲ್ಲಿ. ಯಾರೂ ನಗಲಿಲ್ಲ. ‘ನನ್ನ ಮಗ’ ಎಂದು ಎರಡು ಸಲ ಎಂದಳು. ಯಾರೂ ಅದನ್ನೂ ಅಲ್ಲಗಳೆಯಲಿಲ್ಲ.

ಐದು ವರ್ಷದಿಂದ ಇಮಾಮ್ ಬೀ ಹೆದರಿದ್ದು ಈ ಮಾತಿಗೇ. ಎಂದಾದರೊಂದು ದಿನ ಆಕೆ ಹತ್ತು ಜನರ ಮುಂದೆ ಹಾಗೆನ್ನುತ್ತಾಳೆ, ಅಂದು ನಾನು ಆಕೆಯ ನಾಲಗೆ ಕೀಳುತ್ತೇನೆ ಎಂದುಕೊಂಡಿದ್ದಳು. ಈಗ ಆ ದಿನ ಬಂದಿತ್ತು, ಆಕೆ ಅಂದೂ ಆಗಿತ್ತು. ಆದರೆ ಏಟು ಬೀಳುವಾಗ ತಾನೆಲ್ಲಿದ್ದೆ? ಕಂಬದ ಪಕ್ಕ. ತನ್ನ ತಪ್ಪಿಗೆ ಬಿದ್ದ ಏಟು. ತಾಯಿ ನಿಲ್ಲಬೇಕಾದ ಜಾಗ ಖಾಲಿ ಇತ್ತು, ಆಕೆ ಬಂದು ನಿಂತಳು. ಕಸಿದುಕೊಂಡಳು ಎನ್ನಲು ಇದರಲ್ಲಿ ಏನಿದೆ?

ಇಮಾಮ್ ಬೀ ಕಂಬ ಬಿಟ್ಟು ಜನರ ನಡುವೆ ನುಗ್ಗಿದಳು.

‘ಅವನಲ್ಲ! ನಾ ಮಾಡೀನಿ!’ ಅವಳ ದನಿಗೆ ಡ್ರಮ್ಮಿನವನು ಬೆಚ್ಚಿಬಿದ್ದ. ‘ಆ ಹುಡುಗ ಮನ್ಯಾಗೂ ಇರಲಿಲ್ಲ. ನಾನೇ ಕೆಂಡದಾಗ ಇಟ್ಟು ಸುಟ್ಟೀನಿ. ಅವನಿಗಿ ಬಿಳಿ ಬೇಕಾಗಿತ್ತು, ಅದು ಖರೇ. ಆದ್ರ ನಾ ಮಾಡಿದ್ದು ಅದಕ್ಕೊಂದೇ ಅಲ್ಲ ಕುಬ್ರಾ ಬೇಗಂ. ನಿಮ್ಮ ಹೆಸರು ಅದರ ಮ್ಯಾಲಿಂದ ಹೋಗಲಿ ಅಂತ ಮಾಡೀನಿ. ಐದು ವರ್ಷ ಆತು, ನಿಮ್ಮನ್ನ ಕಂಡ್ರ ನನ್ನ ಹೊಟ್ಟಿ ಉರೀತದ. ನಿಮ್ಮ ಬೂಟು ಕಂಡ್ರ ಉರೀತದ, ನಿಮ್ಮ ಗಡಿಯಾರ ಕಂಡ್ರ ಉರೀತದ. ಹೊಡ್ಯೂದಿದ್ರ ನನಗ ಹೊಡೀರಿ.’

ಖಾಜಾ ಎತ್ತಿದ ಕೈಯನ್ನು ಎಲ್ಲಿಡಬೇಕೋ ತಿಳಿಯದೆ ಟೊಪ್ಪಿಗೆ ಸರಿಪಡಿಸಿಕೊಂಡ. ಹುಡುಗನ ಕಣ್ಣಲ್ಲಿ ಆಗ ಮೊದಲ ಸಲ ನೀರು ಬಂತು.

‘ನೀ ಯಾಕ ಹೇಳಿದಿ ಯವ್ವಾ? ಹೊಡ್ತ ತಿಂದು ಮುಗದಿತ್ತಲ್ಲ’ ಎಂದ.

ಕುಬ್ರಾ ಬೇಗಂ ಇಮಾಮ್ ಬೀಯನ್ನೇ ನೋಡುತ್ತಿದ್ದಳು. ಆಕೆ ಬೈಯುತ್ತಾಳೆಂದು ಎಲ್ಲರೂ ಕಾದರು.

‘ಉರಿ ನಿಮಗೊಬ್ಬರಿಗೇ ಅದ ಅಂತ ತಿಳದೀರೇನು ಆಪಾ?’ ಎಂದಳು, ಮೆಲ್ಲಗೆ. ‘ದೇವದುರ್ಗದ ಬಸ್ ಹತ್ತೂ ಮುಂದ ಅಂವ ಒಂದ್ ಸಲನೂ ಹಿಂದ ತಿರುಗಿ ನೋಡಂಗಿಲ್ಲ. ನಾ ಬಸ್ ಮರಿ ಆಗೂತನ ನಿಂತಿರ್ತೀನಿ. ಏನ್ ಕೊಟ್ರ ನೋಡ್ಯಾನು ಅಂತ ವರ್ಷಾ ವರ್ಷಾ ಹುಡುಕಾಕತ್ತೀನಿ.’

ಇಷ್ಟು ಹೇಳಿ ಆಕೆ ಹುಡುಗನ ಕಡೆ ತಿರುಗಿದಳು. ಅವನ ಕೆನ್ನೆಯ ಮೇಲೆ ಐದು ಬೆರಳೂ ಮೂಡಿದ್ದವು. ತುಟಿಯ ಅಂಚು ಬಾತಿತ್ತು. ಕೈತೊಳೆಯಲು ಇಟ್ಟ ಬಕೀಟಿನಲ್ಲಿ ತನ್ನ ರೇಷ್ಮೆ ಸೆರಗನ್ನು ಅದ್ದಿ, ಹಿಂಡಿ, ಆ ಕೆನ್ನೆಗೆ ಹಿಡಿದಳು. ಹುಡುಗ ಕಣ್ಣು ಮುಚ್ಚಿಕೊಂಡ. ಅವನಿಗೆ ಹಿತವಾಗಿತ್ತು. ಅದು ಯಾರಿಗಾದರೂ ಕಾಣುವಂತಿತ್ತು.

ಇಮಾಮ್ ಬೀಯ ಕೈ ತಾನಾಗಿ ಮುಂದೆ ಹೋಯಿತು, ಆ ಹಸಿರು ಸೆರಗನ್ನು ಸರಿಸಿ ತನ್ನದನ್ನು ಇಡಲು. ತಾನು ಹಡೆದ ಕೆನ್ನೆ ಅದು. ಬೆರಳು ಸೆರಗಿಗೆ ತಾಗುವಷ್ಟು ಹತ್ತಿರ ಹೋಗಿ ನಿಂತವು. ಉರಿ ಆರಿರಲಿಲ್ಲ. ಇಷ್ಟೆಲ್ಲ ಆದ ಮೇಲೂ ಒಂದಿಷ್ಟೂ ಆರಿರಲಿಲ್ಲ. ಮಗ ಕಣ್ಣು ಮುಚ್ಚಿಯೇ ಇದ್ದ.

ಅವಳು ಕೈ ಹಿಂದೆಗೆದುಕೊಂಡಳು.

‘ಬಕೀಟಿನ ನೀರು ಬಿಸಿಲಿಗಿ ಕಾದಿರ್ತದ ಬೇಗಮ್‌ರೀ’ ಎಂದಳು. ‘ಒಳಗಿಂದ ತಣ್ಣಂದು ತರ್ತೀನಿ. ನೀವು ಕೈ ತಗೀಬ್ಯಾಡ್ರಿ, ಹಂಗೇ ಹಿಡ್ಕೊಂಡಿರ್ರಿ.’